ರುದ್ರೇಶನ ಡಬ್ಬಿ ತೋರಿಸಿದ ದಿಕ್ಕು

ಹೊಳೆನರಸೀಪುರದ ಪೇಟೆಬೀದಿಯಲ್ಲಿ ನನ್ನ ಪುಸ್ತಕದಂಗಡಿಯ ಎದುರಿಗೇ ರುದ್ರೇಶನ ರೇಡಿಯೋ ರಿಪೇರಿ ಅಂಗಡಿ. ಬೆಳಗ್ಗೆ ಬಾಗಿಲು ತೆಗೆದರೆ ನನಗೆ ಮೊದಲು ಕಾಣುವುದು ಅವನ ಮುಖವೇ. ಅವನ ಬಗ್ಗೆ ಬರೆಯಲು ಕೂತಾಗಲೆಲ್ಲ ಬಾಯಿ ಕಹಿಯಾಗುತ್ತದೆ. ಆದ್ದರಿಂದ ಒಳ್ಳೆಯದನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಆಮೇಲೆ ಹೇಳುವ ಮನಸ್ಸು ಉಳಿದಿರುವುದಿಲ್ಲ.

ಅವನ ಕೈ ಒಳ್ಳೆಯ ಕೈ. ತಂದೆ ಪರಮಶಿವಯ್ಯನವರದು ಬೆಲ್ಲದ ಮಂಡಿ. ಮಗ ತಕ್ಕಡಿಯ ಮುಂದೆ ಕೂರಲು ಒಪ್ಪದೆ, ಅಂಚೆಯಲ್ಲಿ ಪಾಠ ತರಿಸಿಕೊಂಡು ರೇಡಿಯೋ ಕೆಲಸ ಕಲಿತ. ಬೆಸುಗೆ ಹಾಕುವಾಗ ಅವನನ್ನು ನೋಡಬೇಕು. ಉಸಿರು ಹಿಡಿದು, ನಾಲಿಗೆಯ ತುದಿಯನ್ನು ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡು, ಸಾಸಿವೆಯಷ್ಟು ಸೀಸ ಎಲ್ಲಿ ಬೀಳಬೇಕೋ ಅಲ್ಲೇ ಬೀಳಿಸುತ್ತಿದ್ದ. ನೀರಿನ ಟ್ಯಾಂಕು ತುಂಬಿದರೆ ಕೂಗುವ ಗಂಟೆ, ಕತ್ತಲಾದರೆ ತಾನೇ ಹತ್ತಿಕೊಳ್ಳುವ ಬೀದಿದೀಪ, ಹೀಗೆ ಯಾರೂ ಕೇಳದ ಏನೇನೋ ಮಾಡುತ್ತಿದ್ದ. ಅವುಗಳಲ್ಲಿ ಅರ್ಧ ಕೆಲಸ ಮಾಡುತ್ತಿದ್ದವು.

ಕೆಲಸ ಮಾಡದ ಇನ್ನರ್ಧಕ್ಕೆ ಅವನೆಂದೂ ಹೊಣೆಯಾಗಲಿಲ್ಲ. "ನಂದು ತಪ್ಪಾಯ್ತು" ಎಂಬ ಮಾತನ್ನು ಅವನ ಬಾಯಿಂದ ಊರಿನಲ್ಲಿ ಒಬ್ಬರೂ ಕೇಳಿದವರಿಲ್ಲ. ಅವನು ರಿಪೇರಿ ಮಾಡಿದ ಟೇಪ್‌ರೆಕಾರ್ಡರು ಮಾರನೆಯ ದಿನವೇ ಕ್ಯಾಸೆಟ್ಟು ನುಂಗಿದರೆ, ಕ್ಯಾಸೆಟ್ಟೇ ಸರಿಯಿಲ್ಲ. ರೇಡಿಯೋ ಗೊರಗುಟ್ಟಿದರೆ, ನಿಮ್ಮ ಮನೆಯ ಕರೆಂಟೇ ಸರಿಯಿಲ್ಲ. ಒಮ್ಮೆ ನಮ್ಮ ಮನೆಯ ಮಿಕ್ಸಿಯನ್ನು ಬಿಚ್ಚಿ ಜೋಡಿಸಿಕೊಟ್ಟ. ಅದು ಉಲ್ಟಾ ತಿರುಗಿ ಚಟ್ನಿಯನ್ನೆಲ್ಲ ಸೂರಿಗೆ ಹಾರಿಸಿತು. ಹೋಗಿ ಹೇಳಿದರೆ, "ಅಮ್ಮಾವ್ರು ಸ್ವಿಚ್ಚು ಉಲ್ಟಾ ತಿರುಗ್ಸಿರ್ತಾರೆ ಸ್ವಾಮಿ" ಅಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ. ನನ್ನ ಹೆಂಡತಿ ಹಂಸ ಆವತ್ತಿನಿಂದ ಅವನಿಗೆ ಕಾಫಿ ಕೊಡುವುದನ್ನು ನಿಲ್ಲಿಸಿದಳು.

ತೊಂಬತ್ತರ ದಶಕದ ಮೊದಲಲ್ಲಿ ಊರಿಗೆಲ್ಲ ಟಿವಿ ಹುಚ್ಚು. ಮನೆಯ ಮೇಲೊಂದು ಕಬ್ಬಿಣದ ಪೈಪು ನೆಟ್ಟು, ಅದರ ತುದಿಯ ಆಂಟೆನಾವನ್ನು ಹಾಸನದ ಕಡೆಗೆ ತಿರುಗಿಸಬೇಕಿತ್ತು. ಹಾಸನ ಯಾವ ಕಡೆ ಎಂದರೆ ಮನೆಯವರೆಲ್ಲ ಒಂದೊಂದು ಕಡೆ ಕೈ ತೋರಿಸುತ್ತಿದ್ದರು. ಬಸ್ಸು ಹೊರಡುವ ಕಡೆಗೇ ಹಾಸನ ಇದೆ ಎಂದು ನಂಬಿದ ಜನ! ಈ ಜಗಳ ಸಾಕಾಗಿ ರುದ್ರೇಶ ಒಂದು ದಿಕ್ಸೂಚಿ ಮಾಡಲು ಕೂತ. ಮಾಮೂಲಿ ಮುಳ್ಳಿನದಾದರೆ ಮಬ್ಬುಗತ್ತಲಲ್ಲಿ ಕಾಣುವುದಿಲ್ಲ, ಮೇಲಾಗಿ ಅದು ಅಂಗಡಿಯಲ್ಲಿ ಸಿಕ್ಕುತ್ತದೆ. ಅಂಗಡಿಯಲ್ಲಿ ಸಿಕ್ಕುವುದನ್ನು ಇಟ್ಟುಕೊಂಡರೆ ರುದ್ರೇಶ ಹೇಗಾದಾನು?

ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿ ತೆಗೆದುಕೊಂಡ. ಹಳೆಯ ಎಕ್ಸ್‌ರೇ ಹಾಳೆಯನ್ನು ಬಿಲ್ಲೆಯಾಗಿ ಕತ್ತರಿಸಿ, ಕೆಟ್ಟ ಸ್ಪೀಕರಿನ ಅಯಸ್ಕಾಂತಕ್ಕೆ ಉಜ್ಜಿದ ಎರಡು ಹೊಲಿಗೆ ಸೂಜಿಗಳನ್ನು ಅದಕ್ಕೆ ಅಂಟಿಸಿ, ರವಿಕೆಯ ಒತ್ತುಗುಂಡಿಯ ಮೇಲೆ ತಿರುಗುವಂತೆ ಕೂರಿಸಿದ. ಡಬ್ಬಿ ಎತ್ತ ತಿರುಗಿದರೂ ಬಿಲ್ಲೆ ಉತ್ತರವನ್ನು ಬಿಡುತ್ತಿರಲಿಲ್ಲ. ಬಿಲ್ಲೆಯಲ್ಲಿ ಒಂದು ಸಣ್ಣ ತೂತು, ಮೇಲೊಂದು ಪುಟ್ಟ ಬಲ್ಬು, ಕೆಳಗೆ ಬೆಳಕು ಬಿದ್ದರೆ ಮಾತ್ರ ಕರೆಂಟು ಬಿಡುವ ನಾಲ್ಕು ಬಿಲ್ಲೆಗಣ್ಣು. ತೂತಿನಿಂದ ಇಳಿದ ಬೆಳಕು ಯಾವ ಕಣ್ಣಿನ ಮೇಲೆ ಬೀಳುತ್ತದೋ, ಅದರ ಬಣ್ಣದ ದೀಪ ಡಬ್ಬಿಯ ಮೇಲೆ ಹತ್ತುತ್ತಿತ್ತು. ಡಬ್ಬಿಯ ಮೇಲಿನ ಬಾಣದ ಗುರುತನ್ನು ಉತ್ತರಕ್ಕೆ ಹಿಡಿದರೆ ಹಸಿರು, ಪೂರ್ವಕ್ಕೆ ಹಳದಿ, ಪಶ್ಚಿಮಕ್ಕೆ ಕಿತ್ತಳೆ, ದಕ್ಷಿಣಕ್ಕೆ ಕೆಂಪು. ಹಸಿರಿಗೂ ಕಿತ್ತಳೆಗೂ ನಡುವೆ ಹಿಡಿದರೆ ಎರಡೂ ಮಂಕಾಗಿ ಉರಿಯುತ್ತಿದ್ದವು. ಅದೇ ಹಾಸನ.

"ದಕ್ಷಿಣಕ್ಕೆ ಯಾಕಯ್ಯ ಕೆಂಪು?" ಎಂದು ನಾನು ಕೇಳಿದ್ದೆ.

"ಕೆಂಪು ದೀಪ ಡಬ್ಬ ತುಂಬ ಬಿದ್ದವೆ ಸ್ವಾಮಿ. ದಕ್ಷಿಣಕ್ಕೆ ಯಾರೂ ಆಂಟೆನಾ ತಿರುಗ್ಸಾಕಿಲ್ಲ. ಅಲ್ಲಿಗೆ ಅಗ್ಗದ್ದು ಸಾಕು."

ಇಷ್ಟೇ ಕಾರಣ. ಇದಕ್ಕಿಂತ ಒಂದು ಗುಲಗಂಜಿ ಹೆಚ್ಚಿಲ್ಲ.

ಮೊದಲ ವಾರವೇ ಒಂದು ತೊಡಕು ಕಂಡಿತು. ಡಬ್ಬಿಯನ್ನು ಆಂಟೆನಾ ಪೈಪಿನ ಹತ್ತಿರ ಹಿಡಿದರೆ ಬಿಲ್ಲೆಗೆ ತಲೆ ಕೆಟ್ಟು ಬೇರೆಯೇ ದೀಪ ಹತ್ತುತ್ತಿತ್ತು. ಕಬ್ಬಿಣ ಕಂಡರೆ ಅಯಸ್ಕಾಂತ ಸುಮ್ಮನಿರುತ್ತದೆಯೇ? ರುದ್ರೇಶ ಅದನ್ನು ಕಂಡುಕೊಂಡು, ತಾರಸಿಯ ಆಚೆ ಮೂಲೆಗೆ ಹೋಗಿ ನಿಂತು ದಿಕ್ಕು ನೋಡುವುದನ್ನು ರೂಢಿ ಮಾಡಿಕೊಂಡ. ಇದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಏಣಿ ಹಿಡಿಯಲು ನಿಂತವರಿಗೆಲ್ಲ ಗೊತ್ತಿತ್ತು.

ಆಮೇಲೆ ಕೇಬಲ್ ಬಂತು. ಆಂಟೆನಾಗಳು ಕಾಗೆ ಕೂರುವುದಕ್ಕೆ ಉಳಿದವು, ಡಬ್ಬಿ ಷೋಕೇಸು ಸೇರಿತು. ಅಲ್ಲೇ ಧೂಳು ತಿನ್ನುತ್ತಾ ಬಿದ್ದಿದ್ದರೆ ನಾಡಿಗೆ ಎಷ್ಟೋ ಕ್ಷೇಮವಿತ್ತು.

ಅರಕಲಗೂಡಿನ ಗುಂಡಯ್ಯ ಅದನ್ನು ನೋಡಿದ. ಈ ಗುಂಡಯ್ಯ ಮೊದಲು ರಾಮನಾಥಪುರದಲ್ಲಿ ಹೊಗೆಸೊಪ್ಪಿನ ದಲ್ಲಾಳಿ. ಎರಡು ಸಾವಿರದ ಇಸವಿಯ ಹೊತ್ತಿಗೆ ವಾಸ್ತು ಎಂಬ ಜಾಡ್ಯ ಊರೂರಿಗೆ ಹರಡಿತಲ್ಲ, ಆಗ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು ವಾಸ್ತು ಗುಂಡಯ್ಯನಾದ. ಬಾಯಲ್ಲಿ ಹೇಳುವುದನ್ನು ಜನ ಅರ್ಧ ನಂಬುತ್ತಿದ್ದರು. ದೀಪ ಹತ್ತಿ ತೋರಿಸಿದರೆ ಪೂರ್ತಿ ನಂಬುತ್ತಾರೆ ಎಂದು ಅವನಿಗೆ ಹೊಳೆಯಿತು. ರುದ್ರೇಶನಿಂದ ಡಬ್ಬಿಯನ್ನು ಇಸಕೊಂಡು ಹೋದ. ಸೋಪಿನ ಡಬ್ಬಿಗೆ ರೇಷ್ಮೆ ಬಟ್ಟೆ ಸುತ್ತಿದ, ಕುಂಕುಮ ಹಚ್ಚಿದ. ಹಸಿರು ಹತ್ತಿದರೆ ಕುಬೇರ, ಹಳದಿಗೆ ಇಂದ್ರ, ಕಿತ್ತಳೆಗೆ ವರುಣ. ಕೆಂಪು ಹತ್ತಿದರೆ ಯಮ. ಡಬ್ಬದಲ್ಲಿ ಮಿಕ್ಕಿದ್ದ ಅಗ್ಗದ ದೀಪ ಯಮಧರ್ಮರಾಯನಾಯಿತು!

ಆಮೇಲೆ ಆದದ್ದನ್ನು ನೆನೆದರೆ ಇವತ್ತಿಗೂ ವಾಕರಿಕೆ ಬರುತ್ತದೆ. ಹಾಸನದಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ಟರು, ಜೀವಮಾನವೆಲ್ಲ ಮಕ್ಕಳಿಗೆ ಭೂಗೋಳ ಹೇಳಿಕೊಟ್ಟವರು, ಮಂಚವನ್ನು ಅಡುಗೆಮನೆಗೂ ಒಲೆಯನ್ನು ಪಡಸಾಲೆಗೂ ಹಾಕಿಸಿಕೊಂಡು ಹೊಗೆಯಲ್ಲಿ ಕೆಮ್ಮುತ್ತಾ ಕೂತಿದ್ದರು. ನಾನೇ ಕಣ್ಣಾರೆ ನೋಡಿದೆ. ಅರಕಲಗೂಡಿನಲ್ಲಿ ಸಿಹಿನೀರಿನ ಬಾವಿಗೆ ಕಲ್ಲು ಮಣ್ಣು ತುಂಬಿಸಿದರು. ಓದಿದವರು, ಓದದವರು, ಲಿಂಗ ಕಟ್ಟಿದವರು, ನಾಮ ಹಾಕಿದವರು, ಯಾರೂ ಹಿಂದೆ ಬೀಳಲಿಲ್ಲ. ನಮ್ಮವರೇ ಒಬ್ಬರು ತುಳಸಿಕಟ್ಟೆಯನ್ನು ಬಚ್ಚಲಿನ ಪಕ್ಕಕ್ಕೆ ಸಾಗಿಸಿ ನೆಮ್ಮದಿಯಾದರು. ಇಂಥವರಿಗೆ ಬುದ್ಧಿ ಹೇಳುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ರುದ್ರೇಶನಿಗೋ ಖುಷಿ. ಇಷ್ಟು ವರ್ಷ ಯಾರೂ ಮೂಸಿ ನೋಡದಿದ್ದ ಅವನ ಕೈಕೆಲಸಕ್ಕೆ ಈಗ ಆರತಿ ಎತ್ತುತ್ತಿದ್ದರು. ಅರಕಲಗೂಡಿನ ಒಂದು ಸಂಘದವರು ಶಾಲು ಹೊದಿಸಿ, ಏಲಕ್ಕಿ ಹಾರ ಹಾಕಿ, ಫೋಟೋ ತೆಗೆಸಿದರು. ಆ ಫೋಟೋಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ನಾನು ಬೈದೆ. "ನಾ ದೀಪ ಮಾಡ್ದೆ ಸ್ವಾಮಿ, ಯಮನ್ನ ಮಾಡ್ದೋನು ಗುಂಡಯ್ಯ" ಅಂದ. ಅವನ ತಪ್ಪು ಅಲ್ಲಿಯೂ ಇರಲಿಲ್ಲ.

ರುದ್ರೇಶನ ತಂಗಿ ಶಾಂತಕುಮಾರಿಯನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿತ್ತು. ಗಟ್ಟಿ ಹೆಣ್ಣು. ಗಂಡ ಕೈ ಹಾಕಿದ ವ್ಯಾಪಾರವೊಂದೂ ನಿಲ್ಲದಾಗ, ಈಕೆ ಮನೆಯ ಮುಂಕೋಣೆಯಲ್ಲಿ ಹಿಟ್ಟಿನ ಮಿಲ್ಲು ಹಾಕಿಸಿದಳು. ರಾಗಿ, ಗೋಧಿ, ಸಾರಿನಪುಡಿ, ಮೆಣಸಿನಪುಡಿ, ಎಲ್ಲದಕ್ಕೂ ಬೀದಿಯ ಹೆಂಗಸರು ಡಬ್ಬ ಹೊತ್ತು ಅವಳ ಬಾಗಿಲಿಗೇ ಬರುತ್ತಿದ್ದರು. ತಲೆಗೆ ಬಟ್ಟೆ ಕಟ್ಟಿಕೊಂಡು, ರೆಪ್ಪೆಯ ಮೇಲೂ ಹಿಟ್ಟು ಕೂರಿಸಿಕೊಂಡು ನಿಂತಳೆಂದರೆ ಆ ಮನೆಯಲ್ಲಿ ಅವಳೇ ಯಜಮಾನಿ. ಅತ್ತೆ ನಂಜಮ್ಮನಿಗೆ ಇದು ನುಂಗಲಾರದ ತುತ್ತು. ಮಾವ ಇದ್ದರು, ಇದ್ದರು ಅಷ್ಟೆ.

ಶಾಂತಕುಮಾರಿಯ ಗಂಡನಿಗೆ ಹೊಟ್ಟೆನೋವು ಶುರುವಾಯಿತು. ಅವನು ದಿನಾ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ, ನೋವು ಬರುವುದೇ. ನಂಜಮ್ಮ ಡಾಕ್ಟರ ಬದಲು ಗುಂಡಯ್ಯನನ್ನು ಕರೆಸಿದಳು. ಗುಂಡಯ್ಯ ಮುಂಕೋಣೆಯಲ್ಲಿ ಮಿಲ್ಲಿನ ಚಕ್ರಕ್ಕೆ ಮೊಣಕೈ ತಾಗುವಂತೆ ನಿಂತು, ಡಬ್ಬಿಯ ಬಾಣವನ್ನು ಬೀದಿಬಾಗಿಲ ಕಡೆ ಹಿಡಿದ. ಕೆಂಪು ಹತ್ತಿತು. ಯಮನ ಬಾಗಿಲು, ಇಟ್ಟಿಗೆ ಕಟ್ಟಿ ಮುಚ್ಚಬೇಕು, ಹಿಂದಿನ ಓಣಿಗೆ ಬಾಗಿಲು ಇಡಬೇಕು ಎಂದ.

ಆ ಬಾಗಿಲು ಪೂರ್ವಕ್ಕಿತ್ತು. ಬೆಳಗಾದರೆ ಬಿಸಿಲು ನೇರ ಒಳಗೆ ಬಂದು ಮಿಲ್ಲಿನ ಬುಡದಲ್ಲಿ ಬೀಳುತ್ತಿತ್ತು. ಹುಟ್ಟುಕುರುಡನೂ ಬೆನ್ನು ಕಾಯಿಸಿಕೊಂಡು ದಿಕ್ಕು ಹೇಳಬಹುದಾಗಿತ್ತು.

ನನ್ನ ಅಂಗಡಿಯಲ್ಲಿ ಎಸ್‌ಟಿಡಿ ಫೋನಿತ್ತು. ಶಾಂತಕುಮಾರಿ ಅಲ್ಲಿಗೆ ಮಾಡಿದಳು. "ಸ್ವಾಮಿ, ಅಣ್ಣಯ್ಯನ್ನ ನೀವೇ ಕರ್ಕಂಡ್ ಬನ್ನಿ. ಡಬ್ಬಿ ಮಾಡ್ದೋನೇ ಬಂದು ಯೋಳಿದ್ರೆ ಕೇಳ್ತೀವಿ ಅಂತ ಅತ್ತೆ ಒಪ್ಪವ್ರೆ. ಮಿಲ್ಲಿನ ಪಕ್ಕ ಇಟ್ರೆ ಡಬ್ಬಿ ತಪ್ ತೋರ್ಸ್ತದೆ ಅಂತ ಒಂದ್ ಮಾತ್ ಅಂದ್ರೆ ಸಾಕು. ಬಾಗ್ಲು ಓದ್ರೆ ಮಿಲ್ಲು ಓಯ್ತು. ಮಿಲ್ಲು ಓದ್ರೆ ನಾನು ಈ ಮನೇಲಿ ಮುಸುರೆ ತಿಕ್ಕೋಳು."

ಮಾರನೆಯ ಬೆಳಗಿನ ಮೊದಲ ಬಸ್ಸಿನಲ್ಲಿ ರುದ್ರೇಶ ಹಗುರಾಗಿಯೇ ಇದ್ದ. "ಅಷ್ಟೇ ತಾನೆ ಸ್ವಾಮಿ? ಯೋಳಿದ್ರಾಯ್ತು. ಕಬ್ಬಿಣದ ಪಕ್ಕ ಯಾವ್ ದಿಕ್ಸೂಚಿ ತಾನೆ ನೆಟ್ಟಗಿರ್ತದೆ?" ಎಂದು ದಾರಿಯುದ್ದಕ್ಕೂ ಕಡಲೆಕಾಯಿ ಬಿಡಿಸಿ ತಿಂದ.

ಮನೆಯಲ್ಲಿ ಜನ ಸೇರಿದ್ದರು. ಬೀದಿಯವರೆಲ್ಲ ದೀಪ ಮಾಡಿದವರನ್ನು ನೋಡಲು ಬಂದಿದ್ದರು. ನಂಜಮ್ಮ ಕಾಲಿಗೆ ನೀರು ಕೊಟ್ಟು, ಜಮಖಾನೆ ಹಾಸಿ ಕೂರಿಸಿದಳು. ಶಾಂತಕುಮಾರಿ ಮಿಲ್ಲಿನ ಪಕ್ಕದಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಗುಂಡಯ್ಯ ಎದ್ದು ಕೈ ಮುಗಿದ. ಎಂಥ ನಾಟಕ!

"ರುದ್ರೇಶಪ್ನೋರೇ, ಆಸನ, ಅರಕಲಗೂಡು, ಎಲ್ಲಾ ಕಡೆ ನಿಮ್ ಡಬ್ಬಿ ಇಡ್ದಿವ್ನಿ. ಒಂದ್ ಮನೇಲೂ ಸೋತಿಲ್ಲ. ಇಲ್ಲಿ ನಿಮ್ ತಂಗ್ಯವ್ವ ಡಬ್ಬಿ ಸರೀಗಿಲ್ಲ ಅಂತವ್ರೆ. ಮಾಡ್ದೋರು ನೀವು. ಇಷ್ಟ್ ಜನದ ಮುಂದೆ ಯೋಳ್ಬುಡಿ. ನಿಮ್ ಡಬ್ಬಿ ತಪ್ಪಾ?"

ನಾನು ರುದ್ರೇಶನ ಮುಖ ನೋಡಿದೆ. ಬಸ್ಸಿನಲ್ಲಿದ್ದ ಮುಖ ಅಲ್ಲಿರಲಿಲ್ಲ. ಮಿಕ್ಸಿಯ ದಿನ ನೋಡಿದ್ದೆನಲ್ಲ, ಅದೇ ಮುಖ.

"ಅಣ್ಣಯ್ಯ, ಯೋಳು" ಅಂದಳು ಶಾಂತಕುಮಾರಿ.

"ನಾ ಮಾಡಿದ್ ಡಬ್ಬಿ ತಪ್ ತೋರ್ಸಾಕಿಲ್ಲ" ಅಂದ ರುದ್ರೇಶ.

ನನಗೆ ತಡೆಯಲಾಗಲಿಲ್ಲ. "ಅಯ್ಯೋ ಮಂಕೆ, ಆ ಮಿಲ್ಲಿನ ಕಬ್ಬಿಣ ಕಾಣಿಸುವುದಿಲ್ಲವೇನೋ? ಡಬ್ಬಿಯನ್ನು ಬೀದಿಗೆ ತಂದು ಇಡಿ, ಯಾವ ದೀಪ ಹತ್ತುತ್ತದೋ ನೋಡೋಣ. ಸೂರ್ಯ ಎಲ್ಲಿ ಹುಟ್ಟುತ್ತಾನೆ ಅಂತ ಗೊತ್ತಿಲ್ಲವೇನ್ರಯ್ಯ ನಿಮಗೆ?" ಎಂದು ಕಿರುಚಿದೆ.

ಗುಂಡಯ್ಯ ಸಮಾಧಾನವಾಗಿಯೇ ನಕ್ಕ. "ಬೀದಿ ವಾಸ್ತು ನೋಡಾಕೆ ನಾವ್ ಬಂದಿಲ್ಲ ಸ್ವಾಮಿ, ಮನೆ ವಾಸ್ತು ನೋಡಾಕೆ ಬಂದಿವಿ. ಕಣ್ಣಿಗೆ ಕಾಣೋ ದಿಕ್ಕು ಬೇರೆ, ಮನೆ ಒಳದಿಕ್ಕು ಬೇರೆ. ಒರಗೆ ಪೂರ್ವ ಇದ್ರೂ ಒಳಗೆ ದಕ್ಷಿಣ ಇರ್ತದೆ. ಸೂರ್ಯ ಒರಗಿನ್ದು ಮಾತ್ರ ಯೋಳ್ತಾನೆ. ನೀವು ಸ್ಲೇಟು ಬಳಪ ಮಾರೋರು, ನಿಮಗಿದು ಬ್ಯಾಡ."

ಜನ ತಲೆದೂಗಿದರು. ಹೌದು, ತಲೆದೂಗಿದರು! ಆ ಹೊತ್ತಿನಲ್ಲಿ ಬಿಸಿಲು ಅವರ ಕಾಲ ಬುಡದಲ್ಲೇ ಬಿದ್ದಿತ್ತು. ಸೂರ್ಯನ ಮಾತಿಗಿಂತ ಸೋಪಿನ ಡಬ್ಬಿಯ ಮಾತು ಮೇಲಾಯಿತು. ಶಾಂತಕುಮಾರಿ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವನೇ ಶುರುಮಾಡಿದ. "ಡಬ್ಬಿ ತಪ್ಪಲ್ಲ ಸ್ವಾಮಿ. ಅವ್ನು ಇಟ್ಟಿದ್ ಜಾಗ ತಪ್ಪು."

"ಅದನ್ನು ಅಲ್ಲಿ ಹೇಳಬೇಕಿತ್ತಲ್ಲಯ್ಯ!"

"ಅಂಗ್ ಕೇಳ್ಲಿಲ್ವಲ್ಲ ಅವ್ರು. ಡಬ್ಬಿ ತಪ್ಪಾ ಅಂತ ಕೇಳಿದ್ರು."

ಥೂ ಎಂದೆ. ನಿಜವಾಗಿಯೂ ಎಂದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ತಂಗಿಯ ಅನ್ನದ ಬಾಗಿಲು ಮುಚ್ಚಿಸಿ ಬಂದು, ಸೋಪಿನ ಡಬ್ಬಿಯ ಮಾನ ಉಳಿಯಿತು ಎಂದು ಸಮಾಧಾನ ಮಾಡಿಕೊಳ್ಳುವವನ ಪಕ್ಕದಲ್ಲಿ ಕೂರಲಾರದೆ ನಾನು ಎದ್ದು, ಕಂಬಿ ಹಿಡಿದು ನಿಂತೇ ಊರು ಸೇರಿದೆ.

ಇಟ್ಟಿಗೆ ಕಟ್ಟಿದರು. ಮಿಲ್ಲನ್ನು ಬಿಚ್ಚಿ ಹಿತ್ತಿಲ ಕೊಟ್ಟಿಗೆಗೆ ಸಾಗಿಸಿದರು. ಮೋರಿ ಹರಿಯುವ ಓಣಿಯಲ್ಲಿ ಸೆರಗು ಎತ್ತಿ ಹಿಡಿದುಕೊಂಡು ಯಾವ ಹೆಂಗಸು ಡಬ್ಬ ಹೊತ್ತು ಬರುತ್ತಾಳೆ? ಕೆಲವು ತಿಂಗಳು ನೋಡಿ, ನಂಜಮ್ಮ ಮಗನ ಕೈಲಿ ಅದನ್ನು ಜಿನನಾಥಪುರದ ಕಡೆಯವರಿಗೆ ಮಾರಿಸಿದಳು. ಶಾಂತಕುಮಾರಿ ತನ್ನ ಮನೆಯ ರಾಗಿಯನ್ನೂ ಬೇರೆಯವರ ಮಿಲ್ಲಿನಲ್ಲಿ ಸರದಿ ನಿಂತು ಬೀಸಿಸಿಕೊಂಡು ಬರಬೇಕಾಯಿತು. ಇದೆಲ್ಲ ಗಾಳಿಯಲ್ಲಿ ಬಂದ ಸುದ್ದಿ. ಅವಳಂತೂ ನನ್ನ ಅಂಗಡಿಗೆ ಮತ್ತೆ ಫೋನು ಮಾಡಲಿಲ್ಲ.

ಗೌರಿಹಬ್ಬ ಬಂತು. ತವರಿನ ಬಾಗಿನ ಒಯ್ಯಬೇಕು. ರುದ್ರೇಶನಿಗೆ ಒಬ್ಬನೇ ಹೋಗುವ ಧೈರ್ಯವಿಲ್ಲ. ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕೂತು, "ಬನ್ನಿ ಸ್ವಾಮಿ, ಈ ಸಲ ಅವಳಿಗೆ ನಿಜ ಯೋಳ್ಬುಡ್ತೀನಿ" ಅಂದ. ಅವನ ಮೇಲಿನ ಮರುಕದಿಂದಲ್ಲ, ಆ ಬಾಯಲ್ಲಿ ಆ ಮಾತು ಹೇಗೆ ಬರುತ್ತದೆ ನೋಡೋಣವೆಂದೇ ಹೊರಟೆ.

ಅವನ ಹೆಂಡತಿ ಕಟ್ಟಿಕೊಟ್ಟ ಮೊರದ ಬಾಗಿನ ಹಿಡಿದುಕೊಂಡು ಓಣಿಯಲ್ಲಿ, ಮೋರಿ ದಾಟಿಕೊಂಡು, ಹಿತ್ತಿಲಿನಿಂದ ಒಳಗೆ ಹೋದೆವು. ನಂಜಮ್ಮ ಓಡಿಬಂದಳು. "ಬಾ ರುದ್ರೇಶಪ್ಪ, ದೇವ್ರು ಬಂದಂಗ್ ಬಂದೆ! ನಿನ್ ಕೈಗುಣ ಕಣಪ್ಪ. ಮೊನ್ನೆ ಗುಂಡಯ್ಯನೋರು ಬಂದು ಅದೇ ಮುಂಕೋಣೇಲಿ, ಅದೇ ಜಾಗದಲ್ಲಿ ಡಬ್ಬಿ ಇಡಿದ್ರು. ಬಾಗ್ಲಿದ್ದ ಗೋಡೆ ಕಡೆಗೇ. ಹಳದಿ ಬಂತು! ಯಮ ಓಗಿ ಇಂದ್ರ ಬಂದ್ಬುಟ್ಟ. ಬಾಗ್ಲು ಮುಚ್ಚಿದ್ಕೆ ದಿಕ್ಕೇ ತಿರುಗ್ತು ಕಣಪ್ಪ!"

ಮಿಲ್ಲಿನ ಕಬ್ಬಿಣ ಹೋಗಿತ್ತು, ಬಿಲ್ಲೆ ನೆಟ್ಟಗಾಗಿತ್ತು. ಪೂರ್ವಕ್ಕೆ ಈಗ ಒಂದು ಇಟ್ಟಿಗೆ ಗೋಡೆ, ಅದರ ಮೇಲೆ ಹೊಸ ಸುಣ್ಣ. ನಂಜಮ್ಮನ ಮಗ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಅಲ್ಲಿ ನೀರು ಕುಡಿಯಲೂ ಹೇಸಿಗೆಯಾಯಿತು.

ಶಾಂತಕುಮಾರಿ ಒಲೆಯ ಮುಂದೆ ಕಡುಬು ಬೇಯಿಸುತ್ತಿದ್ದಳು. ರುದ್ರೇಶ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ, "ಶಾಂತಿ, ಅವತ್ತು ಡಬ್ಬಿ ತಪ್ ತೋರ್ಸ್ತು ಕಣವ್ವ. ಮಿಲ್ಲಿನ ಕಬ್ಬಿಣ. ನಂದೇ ತಪ್ಪು" ಅಂದ. ಹುಟ್ಟಿದಂದಿನಿಂದ ಬಾರದ ಮಾತು ಅಂತೂ ಬಂತು.

ಅವಳು ತಿರುಗಲಿಲ್ಲ. "ನಂಗೊತ್ತು ಅಣ್ಣಯ್ಯ. ನಿಂಗೊತ್ತು ಅಂತಾನೂ ಗೊತ್ತಿತ್ತು. ಇವತ್ತು ಹಳದಿ ಬಂದೈತೆ. ಓಗಿ ನಮ್ಮತ್ತೆ ತಾವ ಯೋಳ್ ನೋಡು, ನಿನ್ನೇ ಸುಳ್ಳ ಅಂತಾರೆ."

ಅಷ್ಟರಲ್ಲಿ ನಂಜಮ್ಮ, "ಬಾಗಿನ ಇಸ್ಕಳೇ ಶಾಂತಿ, ಅಣ್ಣ ನಿಂತವ್ನೆ" ಎಂದು ಕೂಗಿದಳು. ಶಾಂತಕುಮಾರಿ ಕೈ ತೊಳೆದು ಬಂದಳು. ಹಣೆಗೆ ಕುಂಕುಮ ಇಟ್ಟುಕೊಂಡಳು. ಮೊರವನ್ನು ಮುಟ್ಟಲಿಲ್ಲ.

"ಅತ್ತೆ, ನೀವೇ ಇಸ್ಕಳಿ. ಅವತ್ತು ಅಷ್ಟ್ ಜನದ ಮುಂದೆ ಅಣ್ಣಯ್ಯ ನಿಮ್ ಕಡೆ ನಿಂತಿದ್ದ. ಅವ್ನು ನಿಮ್ ತವರಿನೋನು."

ನಂಜಮ್ಮನಿಗೆ ಅದರ ಖಾರ ತಟ್ಟಲೇ ಇಲ್ಲ. ಹಿಗ್ಗಿ ಹೀರೇಕಾಯಿಯಾಗಿ ಸೆರಗು ಒಡ್ಡಿ ಮೊರ ತೆಗೆದುಕೊಂಡಳು. ರುದ್ರೇಶ ಒಂದು ಗಳಿಗೆ ತಂಗಿಯ ಕಡೆ ನೋಡಿದ. ಅವಳು ಆಗಲೇ ರಾಗಿಯ ಡಬ್ಬ ಸೊಂಟಕ್ಕೇರಿಸಿ, ಯಾರದೋ ಮಿಲ್ಲಿಗೆ ಹಿತ್ತಿಲ ಬಾಗಿಲಿನಿಂದ ಹೊರಟಿದ್ದಳು. ಬಾಗಿನ ಕೊಟ್ಟ ಮೇಲೆ ಇಸಕೊಂಡ ಹಿರಿಯಳಿಗೆ ಅಡ್ಡ ಬೀಳಬೇಕು. ರುದ್ರೇಶ ಬಗ್ಗಿ ನಂಜಮ್ಮನ ಕಾಲು ಮುಟ್ಟಿದ.